ಚುಕ್ಕಿ ಆಯಿಯ ಕಣ್ಣು ಹೋದ ಕಾರಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಥೆ ಹೇಳುವವರ ಮೇಲೆ ನನಗಿರುವ ನಂಬಿಕೆ ಕಥೆಗೆ ಕಾರಣ ಹೇಳುವವರ ಮೇಲೆ ಇಲ್ಲ. ಗಣಿತದ ಮಾಸ್ತರನಾದವನು ಹೀಗೆ ಹೇಳಬಾರದು. ಉತ್ತರ ಸರಿಯಿದ್ದರೂ ಕಾರಣ ಬರೆಯದ ಮಕ್ಕಳ ಅಂಕ ಕಡಿಯುವುದೇ ನನ್ನ ಹೊಟ್ಟೆಪಾಡು. ಆದರೆ ಶಾಲೆ ಬಿಟ್ಟು ಮನೆಗೆ ಬಂದ ಮೇಲೆ, ಒಂದೂರಲ್ಲಿ ಒಬ್ಬ ರಾಕ್ಷಸ ಇದ್ದ ಎಂದರೆ ನನ್ನ ಪಾಲಿಗೆ ಇದ್ದ, ಅಷ್ಟೇ. ಅವನಿಗೆ ಹಾಲುಹಲ್ಲು ಯಾವಾಗ ಬಿದ್ದವು, ಅವನನ್ನು ಯಾವ ಶಾಲೆಗೆ ಹಾಕಿದ್ದರು ಎಂದು ನಾನು ಕೇಳುವವನಲ್ಲ. ಸಿನಿಮಾ ತೆಗೆಯುವವರಿಗೆ ಅದನ್ನೆಲ್ಲ ಹೇಳುವ ಚಟ ಹತ್ತಿತು ನೋಡಿ, ಅದರ ಪೆಟ್ಟು ಬಂದು ನಮ್ಮ ಮನೆಗೆ ಬಿತ್ತು.

ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಗೆಳೆಯ ದಸ್ತಗೀರ ನಮ್ಮೂರು ಸಂಖದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಟಿವಿ, ಒಂದು ವಿಸಿಆರ್ ಇಟ್ಟು ರವಿವಾರ ಮಧ್ಯಾಹ್ನ ಸಿನಿಮಾ ತೋರಿಸುತ್ತಿದ್ದ. ಒಮ್ಮೆ ಮಿರಜಿನಿಂದ ಮೂರು ಭಾಗದ ಒಂದು ಇಂಗ್ಲಿಷ್ ಸಿನಿಮಾ ತಂದ. ಊರಿಗೂರೇ ಹುಚ್ಚಾಯಿತು. ಆಕಾಶದಲ್ಲಿ ಹಡಗುಗಳು, ಒಬ್ಬ ದುಷ್ಟ ಸರದಾರನಿಗೆ ಹೆದರಿ ಚುಕ್ಕಿಯಿಂದ ಚುಕ್ಕಿಗೆ ಓಡುವ ಜನ, ಅವರನ್ನೆಲ್ಲ ದಾಟಿಸುವ ಒಬ್ಬ ಕುರುಡಿ ಮುದುಕಿ. ಅವಳು ಚುಕ್ಕಿಗಳ ಸಪ್ಪಳ ಕೇಳಿಸಿಕೊಂಡೇ ಹಡಗು ನಡೆಸುತ್ತಾಳೆ. ಸಿನಿಮಾದಲ್ಲಿ ಅವಳ ಹೆಸರೇನಿತ್ತೋ, ನಮಗೆ ಅವಳು ಚುಕ್ಕಿ ಆಯಿ.

ಅದರಲ್ಲಿ ಆಡುತ್ತಿದ್ದ ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲ, ದಸ್ತಗೀರನಿಗೂ. ಆದರೆ ಅವನು ಟಿವಿಯ ಪಕ್ಕ ಛಡಿ ಹಿಡಿದು ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದ ರೀತಿಗೆ, ನನ್ನ ಅವ್ವ ಮೂರು ಭಾಗವನ್ನೂ ಏಳೆಂಟು ಸಲ ನೋಡಿದಳು. ಯಾರೋ ಒಬ್ಬರು, "ಆಯೀ ಕಣ್ಣು ಹೆಂಗ ಹೋದ್ವೋ?" ಎಂದು ಕೇಳಿದಾಗ ಅವನು ಛಡಿ ಕೆಳಗಿಳಿಸಿ, "ಅದನ್ನ ಕೇಳಬಾರದ್ರಿ. ಹೇಳಿದವರ ನಾಲಿಗಿ ಬಿದ್ದು ಹೋಗ್ತೈತಿ" ಎಂದ. ಆಮೇಲೆ ನನ್ನ ಕಿವಿಯಲ್ಲಿ, "ಸಿನಿಮಾದಾಗ ಹೇಳೇ ಇಲ್ಲ ಮಾಸ್ತರ, ನಾ ಎಲ್ಲಿಂದ ತರ್ಲಿ?" ಎಂದ.

ಸಿನಿಮಾದವರು ಹೇಳದೇ ಇದ್ದದ್ದಕ್ಕೇ ಒಬ್ಬೊಬ್ಬರೂ ತಮಗೆ ತಕ್ಕ ಕಾರಣ ಇಟ್ಟುಕೊಂಡರು. ಮಗನನ್ನು ಕಳೆದುಕೊಂಡವರು, ಅತ್ತು ಅತ್ತು ಕಣ್ಣು ಹೋದವು ಎಂದರು. ಅವ್ವ ಮಾತ್ರ, "ಚುಕ್ಕಿ ಹುಟ್ಟೂದನ್ನ ಭಾಳ ಹತ್ರ ನಿಂತು ನೋಡ್ಯಾಳ ಆಕಿ. ಅಂಥಾದ್ದು ಒಮ್ಮೆ ನೋಡಿದ ಮ್ಯಾಲ ಬ್ಯಾರೆ ನೋಡೂದು ಏನೈತಿ?" ಎನ್ನುತ್ತಿದ್ದಳು.

ತೊಂದರೆ ಶುರುವಾದದ್ದು ಅವ್ವನ ಕಣ್ಣಿಗೇ ಪೊರೆ ಬಂದಾಗ. ಮಿರಜಿನ ಡಾಕ್ಟರು ಆಪರೇಷನ್ ಆಗಬೇಕೆಂದರು. ಅವ್ವ ಒಲ್ಲೆ ಎಂದಳು. ನನ್ನ ಹೆಂಡತಿ ಸುನಂದಾ ಮಿರಜಿನವಳು, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. "ಅತ್ತಿ, ಅರ್ಧಾ ತಾಸಿನ ಕೆಲಸರಿ" ಎಂದು ವರ್ಷಗಟ್ಟಲೆ ಹೇಳಿದಳು. ಅವ್ವ ಗೋಡೆ ಸವರುತ್ತ ನಡೆಯುತ್ತ, "ಚುಕ್ಕಿ ಆಯಿ ಆಕಾಶ ದಾಟಸ್ತಾಳ. ನನಗ ಪಡಸಾಲಿ ದಾಟಾಕ ಕಣ್ಣು ಬೇಕೇನ?" ಎನ್ನುತ್ತಿದ್ದಳು. ಒಂದು ದಿನ ಪಡಸಾಲೆ ದಾಟುವಾಗ ಕೊಡಕ್ಕೆ ಎಡವಿ ಬಿದ್ದಳು. ಕೊಡ ತಗ್ಗಾಯಿತು. ಹಟ ತಗ್ಗಲಿಲ್ಲ.

ಹೊಸ ಶತಮಾನ ಬಂತು. ಅದರ ಜೊತೆಗೆ ಆ ಸಿನಿಮಾದ ಹೊಸ ಭಾಗವೂ ಬಂತು. ಹೊಸದೆಂದರೆ ಮುಂದಿನ ಕಥೆಯಲ್ಲ, ಹಿಂದಿನದು: ಚುಕ್ಕಿ ಆಯಿ ಹುಡುಗಿಯಾಗಿದ್ದಾಗಿನದು. ದಸ್ತಗೀರ ಅದರ ಸಿಡಿ ಹಿಡಿದುಕೊಂಡು ನಮ್ಮ ಮನೆಗೆ ಓಡಿ ಬಂದ. ಹಿಂದಿಗೆ ಡಬ್ ಮಾಡಿದ್ದರು. ಅವ್ವ ಟಿವಿಯ ಮುಂದೆ ಕುಳಿತು, "ನೀನೇ ಹೇಳೋ ದಸ್ತಗೀರ, ನನಗ ಬರೇ ಬೆಳಕು ಕಾಣ್ತೈತಿ" ಎಂದಳು.

ಮೊದಲ ಒಂದು ತಾಸು ಬರೀ ಮೀಟಿಂಗು. ಆಕಾಶದ ವ್ಯಾಪಾರಿಗಳು ಸುಂಕದ ಬಗ್ಗೆ ಠರಾವು ಮಾಡುತ್ತಾರೆ, ಇನ್ನೊಬ್ಬರು ಅದನ್ನು ವಿರೋಧಿಸುತ್ತಾರೆ. ಇದನ್ನು ನೋಡಲು ಆಕಾಶಕ್ಕೆ ಹೋಗಬೇಕಿರಲಿಲ್ಲ, ನಮ್ಮ ಪಂಚಾಯತಿ ಕಟ್ಟೆಗೆ ಹೋದರೆ ಚಹಾ ಕೂಡ ಸಿಗುತ್ತಿತ್ತು. ಆಮೇಲೆ ಹುಡುಗಿ ಕೊರಕಲಿನ ಅಂಚಿಗೆ ಜೋತುಬಿದ್ದಳು. ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಅವ್ವ ಎಲೆಗೆ ಸುಣ್ಣ ಹಚ್ಚುತ್ತ, "ಸಾಯೂದಿಲ್ಲ ಬಿಡು, ಮುಂದ ಮುದುಕಿ ಆಗಬೇಕಲ್ಲ" ಎಂದಳು. ಇನ್ನು ಆ ದುಷ್ಟ ಸರದಾರನೋ, ಅವಳ ಪಕ್ಕದ ಮನೆಯವನಂತೆ! ಹಡಗು ಮಾರಿದವನು ಸೋದರಮಾವನಂತೆ! ಕೊನೆಯಿಲ್ಲದ ಆ ಆಕಾಶ ನೋಡನೋಡುತ್ತಿದ್ದಂತೆ ನಮ್ಮ ಕಡೆಯ ಪುಟ್ಟ ಹಳ್ಳಿ ವಳಸಂಗಕ್ಕಿಂತ ಸಣ್ಣದಾಗಿ ಹೋಯಿತು.

ಕೊನೆಗೆ ಕಣ್ಣು ಹೋಗುವ ಘಟ್ಟ ಬಂತು. ಹುಡುಗಿ ಹಡಗಿಗೆ ವೆಲ್ಡಿಂಗ್ ಮಾಡುತ್ತಿದ್ದಾಳೆ. ಮೇಸ್ತ್ರಿ ಕನ್ನಡಕ ಹಾಕಿಕೋ ಎನ್ನುತ್ತಾನೆ. ಅವಳು ಇರಲಿ ಬಿಡು ಎನ್ನುತ್ತಾಳೆ. ಕಿಡಿ ಹಾರುತ್ತದೆ. ಅಷ್ಟೇ!

ದಸ್ತಗೀರನ ಮುಖ ಬಿಳುಚಿತು. ಹಳೆಯ ದನಿಯಲ್ಲಿ ಶುರು ಮಾಡಿದ: "ಅವ್ವಾರ, ಈಗ ನೋಡ್ರಿ, ಒಂದು ಚುಕ್ಕಿ ಹುಟ್ಟಾಕತ್ತೈತಿ. ಆಕಿ ಹತ್ರ ಹೋದ್ಲು..."

"ಇಲ್ಲರಿ ಅಣ್ಣಾರ" ಎಂದಳು ಸುನಂದಾ. ಅವಳಿಗೆ ಹಿಂದಿ ಅಚ್ಚುಕಟ್ಟಾಗಿ ಬರುತ್ತದೆ. "ಅತ್ತಿ, ಆಕಿ ವೆಲ್ಡಿಂಗ್ ಮಾಡೂ ಮುಂದ ಕನ್ನಡಕ ಹಾಕ್ಕೊಂಡಿದ್ದಿಲ್ಲ."

ಅವ್ವನ ಕೈಯಲ್ಲಿನ ಎಲೆ ಅಲ್ಲೇ ನಿಂತಿತು. "ಕನ್ನಡಕ?"

"ಹೂಂ. ಮೇಸ್ತ್ರಿ ಹೇಳಿದ್ದ. ಕೇಳಲಿಲ್ಲ."

ದಸ್ತಗೀರ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ನಾನೂ ಹಿಂದೆಯೇ ಹೋದೆ. "ಏನೋ ದೊಡ್ಡ ಗುಟ್ಟು ಐತಿ ಅಂತ ಇಷ್ಟು ವರ್ಷ ಜನಕ್ಕ ಸುಳ್ಳು ಹೇಳಿದಂಗಾತು ನೋಡ್ರಿ ಮಾಸ್ತರ" ಎಂದ. ಅವನ ಕಣ್ಣು ನೀರಾಡಿದ್ದವು. "ನೀ ಹೇಳಿದ್ದೇ ಖರೇ. ಸುಳ್ಳು ಮಾಡಿದವರು ಅವರು" ಎಂದೆ. ಒಲಿದ ಕಥೆಯಲ್ಲಿ ಒಂದು ಕತ್ತಲ ಕೋಣೆ ಇರುತ್ತದೆ, ಅಲ್ಲಿ ನಮ್ಮ ದೇವರನ್ನು ನಾವೇ ಇಟ್ಟುಕೊಂಡಿರುತ್ತೇವೆ. ಹೀಗೆ ಟ್ಯೂಬ್‌ಲೈಟ್ ಹಾಕಿ ಅಲ್ಲಿರುವುದು ಮುರಿದ ಸ್ಟೂಲು ಎಂದು ತೋರಿಸಬಾರದು. ಈ ಮಾತನ್ನು ನಾನು ಮುಂದೆ ಸ್ಟಾಫ್ ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ, ಜತ್ತಿನ ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಸಿನಿಮಾ ನೋಡಿದ ಮೂರನೆಯ ದಿನ ಊಟಕ್ಕೆ ಕುಳಿತಾಗ ಅವ್ವ, "ಮಿರಜಿಗೆ ಯಾವಾಗ ಹೋಗೂದು?" ಎಂದಳು. ನನಗೆ ತುತ್ತು ನೆತ್ತಿಗೇರಿತು.

"ದೊಡ್ಡ ಕಾರಣಕ್ಕ ಹೋದ್ರ ಹೋಗಲಿ ಕಣ್ಣು" ಎಂದಳು ಅವ್ವ. "ಹಿಂಗ ಒಂದು ಕನ್ನಡಕ ಹಾಕ್ಕೊಳ್ಳದ ಹಲಗರ್ಜಿತನದಾಗ ಯಾಕ ಕಳಕೋಬೇಕು?"

ಸುನಂದಾ ಅತ್ತೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಊರೆಲ್ಲ ಬಯ್ದುಕೊಂಡು ತಿರುಗುತ್ತಿದ್ದ ಸಿನಿಮಾ, ಆರು ವರ್ಷ ನಮ್ಮಿಬ್ಬರಿಂದಲೂ ಆಗದ ಕೆಲಸ ಮಾಡಿಬಿಟ್ಟಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚುವಾಗ ನಾವು ಮೂವರೂ ಮಂಚದ ಸುತ್ತ ನಿಂತಿದ್ದೆವು. ಅವ್ವ ಮೊದಲು ಸುನಂದಾಳನ್ನು ನೋಡಿ, "ಭಾಳ ಸೊರಗಿಯಲ್ಲವ್ವಾ" ಎಂದು ಗಲ್ಲ ಸವರಿದಳು. ದಸ್ತಗೀರನ ಬಿಳಿಗಡ್ಡ ನೋಡಿ ನಕ್ಕಳು. ಆಮೇಲೆ ನನ್ನತ್ತ ತಿರುಗಿದಳು. "ಕಾಣ್ತೀನೇನವ್ವಾ?" ಎಂದೆ.

ಅವ್ವ ಬಹಳ ಹೊತ್ತು ನೋಡಿದಳು. ಹೊಟ್ಟೆ ನೋಡಿದಳು, ಬೋಳಾದ ತಲೆ ನೋಡಿದಳು, ನಿಟ್ಟುಸಿರು ಬಿಟ್ಟಳು.

"ಕಾಣ್ತೀಪಾ. ಇಷ್ಟು ದಿನ ಮನಸಿನ್ಯಾಗ ಇದ್ದಾವನೇ ಚಲೋ ಇದ್ದ."

ಎಲ್ಲರಿಗಿಂತ ಮೊದಲು ನಕ್ಕವನು ದಸ್ತಗೀರ. ಸಂಜೆ ಬಸ್ ಸ್ಟ್ಯಾಂಡಿಗೆ ಬಂದಾಗ ನಾನು ಒಂದು ಬಿಳಿ ಟೊಪ್ಪಿಗೆ ಕೊಂಡು ಕಿವಿಯವರೆಗೆ ಎಳೆದುಕೊಂಡೆ. ಅವ್ವ ಕರಿ ಕನ್ನಡಕದೊಳಗಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಂ, ಈಗ ಅಡ್ಡಿ ಇಲ್ಲ. ಮುಚ್ಚಿದ್ದು ಮುಚ್ಚಿದಂಗೇ ಇರಲಿ" ಎಂದಳು.