ಬೇರೆ ಯಾರೋ ಬಳಸುತ್ತಿದ್ದಾರೆ

ಹಳೆ ಕಂಪ್ಯೂಟರುಗಳು ರಿಪೇರಿಗೆ ಒಂಟಿಯಾಗಿ ಬರುವುದಿಲ್ಲ, ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಬರುತ್ತವೆ. ನಾರಾಯಣಪೇಟೆಯಲ್ಲಿ ಅಂಗಡಿ ಇಟ್ಟಾಗಿನಿಂದ ನನಗೆ ಇದೇ ಹಣೆಬರಹ. ನಾನು ದೆವ್ವ ನಂಬುವವನಲ್ಲ, ಆದರೆ ಪುಕ್ಕಲ.

೧

ಮೊನ್ನೆ ನೇಕಾರರ ಮನೆಯ ಅಕ್ಕ ಒಬ್ಬರು ಬಂದರು. ತೀರಿಕೊಂಡ ಗಂಡನ ಕಂಪ್ಯೂಟರಿಗೆ ಸೀರೆ ಸುತ್ತಿ, ಆಟೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತಂದಿದ್ದರು. ಮಗಳ ಮದುವೆ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು. ಸೆರಗಿನ ನಕ್ಷೆ ಮಾತ್ರ ಇದರೊಳಗೆ, ಗಂಟು ಕಟ್ಟಿಟ್ಟ ಜಿಪ್ ಫೈಲಿನಲ್ಲಿ. ಅಪ್ಪನ ಸೆರಗಿಲ್ಲದೆ ಹಸೆಮಣೆ ಏರುವುದಿಲ್ಲ ಎಂದು ಮಗಳು ಹಟ ಹಿಡಿದಿದ್ದಳಂತೆ.

ಚಾಲೂ ಮಾಡಿದೆ. ಒಳಗಿನ ಬ್ಯಾಟರಿ ಸತ್ತು, ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿತ್ತು. ಅದನ್ನು ಹೇಳಿದೆ.

"ಹಂಗಾದ್ರ ಇದರ ಲೆಕ್ಕದಾಗ ಅವರು ಇನ್ನಾ ಅದಾರಲ್ಲ ತಮ್ಮಾ?"

ನಾನು ಕುರ್ಚಿಯನ್ನು ಬಾಗಿಲ ಕಡೆ ಸ್ವಲ್ಪ ಎಳೆದುಕೊಂಡೆ.

೨

ಫೈಲು ಬಿಚ್ಚಲು ಹೋದರೆ, ಹೆಸರು ತೀರಾ ಉದ್ದವಾಯಿತು ಎಂಬ ತಕರಾರು. ಪುಣ್ಯಾತ್ಮ ಟ್ರಂಕಿನೊಳಗೆ ರೇಷ್ಮೆ ಸುತ್ತಿಟ್ಟ ಹಾಗೆ ಫೋಲ್ಡರಿನೊಳಗೆ ಫೋಲ್ಡರು ಇಟ್ಟಿದ್ದ. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡ. 'ಸೀರಿ', 'ಸೆರಗು', 'ಮಗಳದು', 'ಮುಟ್ಟಬ್ಯಾಡ್ರಿ'. ಕಟ್ಟಕಡೆಯದು: 'ಇಲ್ಲಿತನಕ ಬಂದಾವರು ಯಾರು'.

ಓದಿ ಹೇಳಿ, ಕುರ್ಚಿಯನ್ನು ಬಾಗಿಲ ಕಡೆ ಇನ್ನಷ್ಟು ಎಳೆದುಕೊಂಡೆ. ಅಕ್ಕ ಪರದೆಯ ಹತ್ತಿರ ಬಾಗಿ, ನನ್ನ ಕಡೆ ಬೆರಳು ತೋರಿಸಿದರು.

"ನಾನಲ್ರಿ. ಈ ತಮ್ಮ ಬಂದಾನ."

೩

ಫೈಲನ್ನು ಹೊರಗೆ ತಂದು, ಗಿಡ್ಡ ಹೆಸರಿಟ್ಟು ಮತ್ತೆ ಬಿಚ್ಚಿದೆ. 'ಇದನ್ನು ಬೇರೆ ಯಾರೋ ಬಳಸುತ್ತಿದ್ದಾರೆ' ಎಂದಿತು. ಅದನ್ನೂ ಓದಿ ಹೇಳಿದೆ. ಅಂಗಡಿಯಲ್ಲಿ ಇದ್ದವರು ನಾವಿಬ್ಬರೇ. ಹಳೆ ಯಂತ್ರದ ಮಾಮೂಲಿ ಗೊಣಗಾಟ, ಹೆದರಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಅಕ್ಕನಿಗೆ ಗಂಡನ ಮೇಲೆ ಸಿಟ್ಟು ಬಂತು. ಆ ಮನುಷ್ಯ ಕೆಲಸಕ್ಕೆ ಕೂತರೆ ಮೂರು ಸಲ ಕರೆಯದೆ ಊಟಕ್ಕೂ ಏಳುತ್ತಿರಲಿಲ್ಲವಂತೆ. ಸೆರಗು ಸರಿ ಮಾಡಿಕೊಂಡು ಪರದೆಯ ಮುಂದೆ ನಿಂತರು.

"ಏಳ್ರಿ."

ಗುಂಡಿ ಒತ್ತಿದೆ. ಅದೇ ತಕರಾರು.

"ಏಳ್ರಿ ಅಂದ್ನಿ."

ಮತ್ತೂ ಅದೇ. ಮೂರನೆಯ ಸಲ ಅವರ ದನಿ ಒಡೆಯಿತು.

"ಮಗಳ ಮದಿವಿ ಐತ್ರಿ. ಏಳ್ರಿ."

ಫೈಲು ಬಿಚ್ಚಿಕೊಂಡಿತು. ಪರದೆಯ ತುಂಬ ಸೆರಗು. ನಮ್ಮಿಬ್ಬರ ಕಣ್ಣೂ ತುಂಬಿದವು. ನಕ್ಷೆ ಇಳಿಸಿದ ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು, ಕಂಪ್ಯೂಟರ್ ನಾಳೆ ಒಯ್ಯುತ್ತೇನೆಂದು ಅಕ್ಕ ಹೋದರು.

ನಾನು ಅದನ್ನು ಬಂದ್ ಮಾಡಲು ಹೋದೆ. 'ಇನ್ನೊಬ್ಬರು ಒಳಗಿದ್ದಾರೆ. ಬಂದ್ ಮಾಡಿದರೆ ಅವರ ಕೆಲಸ ಹಾಳಾದೀತು. ಮಾಡಲೇ?' ಎಂದು ಕೇಳಿತು.

ಬೇಡ ಎಂದು ಒತ್ತಿ, ಟೇಬಲ್ ಫ್ಯಾನನ್ನು ಅವರ ಕಡೆ ತಿರುಗಿಸಿಟ್ಟು, ಶಟರ್ ಎಳೆದು ಮನೆಗೆ ಬಂದೆ.