ಕಾಕಾ ಬಾಯಿ ಮುಚ್ಚಲು ಕಲಿತದ್ದು

ನಮ್ಮ ಕಾಕಾ ಯಾರದಾದರೂ ಕಿವಿಯಲ್ಲಿ ಗುಟ್ಟು ಹೇಳಿದರೆ ನಮ್ಮೂರು ಬಮ್ಮಿಗಟ್ಟಿಯ ಅಗಸಿ ಬಾಗಿಲಲ್ಲಿ ಕೂತವರು ಅದಕ್ಕೆ ಉತ್ತರ ಕೊಡುತ್ತಿದ್ದರು!

ತಪ್ಪು ಅವನದಲ್ಲ. ದಿನವಿಡೀ ಹಿಟ್ಟಿನ ಗಿರಣಿ ನಡೆಸುವವನು ಇಂಜಿನ್ನಿಗಿಂತ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳಿಸೀತು? ಸಂಜೆಗೆ ಅದೇ ದನಿಯನ್ನು ನಮ್ಮ ಹೈಸ್ಕೂಲು ಹುಡುಗಿಯರ ಖೊ-ಖೊ ತಂಡದ ಮೇಲೆ ಬಿಡುತ್ತಿದ್ದ. "ಓಡ್ರಿ! ಹೊಳ್ರಿ! ಕಣ್ಣ ಎಲ್ಲಿಟ್ಟೀರಿ?" ನಾವು ಎದುರಾಳಿಗಿಂತ ಅವನಿಗೇ ಹೆಚ್ಚು ಹೆದರಿ ಓಡುತ್ತಿದ್ದೆವು. ಓಡಿ ಓಡಿ ಸೋಲುತ್ತಿದ್ದೆವು.

ಎಂಬತ್ತರ ದಶಕದ ಒಂದು ಬೇಸಿಗೆ, ಹಳ್ಳಿ ತಂಡಗಳ ಕೋಚ್‌ಗಳಿಗೆಂದು ಕುಂದಗೋಳದಲ್ಲಿ ಶಿಬಿರವಾಯಿತು. ಕಾಕಾನೂ ಹೋದ. ಅಲ್ಲಿ ಇಬ್ಬಿಬ್ಬರು ಜೋಡಿಯಾಗಿ, ಒಬ್ಬ ಆಟಗಾರ, ಇನ್ನೊಬ್ಬ ಕೋಚ್ ಆಗಬೇಕು. ಕೋಚ್ ಆದವನು ಕೂಗಬಾರದು, ಬುದ್ಧಿ ಹೇಳಬಾರದು. ಬರೀ ಪ್ರಶ್ನೆ ಕೇಳಿ, ಉತ್ತರ ಮುಗಿಯುವತನಕ ಕಾಯಬೇಕು. ಕಾಕಾನಿಗೆ ಇದಕ್ಕಿಂತ ಘೋರ ಶಿಕ್ಷೆ ಉಂಟೇ?

ಅವನ ಜೋಡಿಗೆ ಸಿಕ್ಕವರು ನವಲಗುಂದದ ಜಮಖಾನೆ ವ್ಯಾಪಾರಿ, ಅಳೆದು ತೂಗಿ ಮಾತಾಡುವ ಸಾಹೇಬರು.

"ನಿಮ್ಗ ಆಟದಾಗ ಎಲ್ಲಿ ತೊಂದರಿ ಆಗ್ತದ್ರಿ?" ಕಾಕಾ ಕೇಳಿದ.

ಸಾಹೇಬರು ಯೋಚಿಸಿದರು. ಇನ್ನಷ್ಟು ಯೋಚಿಸಿದರು. ಕಾಕಾ ಬೆವರಿ, "ಬಿಡ್ರಿ, ಅದನ್ನೂ ನಾನ ಹೇಳ್ತೀನಿ!" ಎಂದುಬಿಟ್ಟ. ಶಿಬಿರವೇ ನಕ್ಕಿತು.

ಮರುದಿನ ಬಾಯಿ ತುಂಬ ಎಲೆ-ಅಡಿಕೆ ತುರುಕಿಕೊಂಡು ಕೂತ. ತುಟಿ ಬಿಚ್ಚಿದರೆ ಸಾಹೇಬರ ಬಿಳಿ ಅಂಗಿಗೆ ಅಪಾಯ! ತಲೆ ಆಡಿಸುವುದೊಂದೇ ದಾರಿ. ಸಾಹೇಬರು ಮನಸ್ಸು ಬಿಚ್ಚಿ ಮಾತಾಡಿ, "ಇಷ್ಟು ಚೊಲೋ ಕೇಳೂ ಮನಶ್ಯಾನ್ನ ನಾ ನೋಡಿಲ್ರಿ" ಎಂದು ಕೈ ಹಿಡಿದುಕೊಂಡರಂತೆ.

ಊರಿಗೆ ಬಂದು ಇದನ್ನೆಲ್ಲ ಹೇಳುವಾಗ ಕಾಕಾನ ಕಣ್ಣಲ್ಲಿ ಬೆರಗು. "ಮಂದಿ ತಲ್ಯಾಗೂ ವಿಚಾರ ಇರ್ತಾವಲ್ಲೇ!"

ಅಂದೇ ಊಟಕ್ಕೆ ಕೂತು ತನ್ನ ಹೆಂಡತಿ, ನಮ್ಮ ಕಾಕೂಳನ್ನು ಕೇಳಿದ: "ಪಲ್ಯ ಹೆಂಗಾಗೇತಿ ಅಂತ ನಿನಗ ಅನಸ್ತದ?"

ಕಾಕೂ ಅವನ ಹಣೆ ಮುಟ್ಟಿ ನೋಡಿದಳು. "ಜ್ವರಾ ಬಂದಾವೇನ್ರಿ?"

ಮುಂದೆ ಕಲಘಟಗಿಯಲ್ಲಿ ತಂಬೂರು ಎಂಬ ಹಳ್ಳಿಯ ತಂಡದೊಂದಿಗೆ ಫೈನಲ್. ಅವರ ಚೂಟಿ ಹುಡುಗಿಯೊಬ್ಬಳು ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ. ಕೊನೆಯ ಸರದಿಗೆ ಮುಂಚೆ ಕಾಕಾ ನಮ್ಮ ನಡುವೆ ಕುಕ್ಕರಗಾಲಲ್ಲಿ ಕೂತ. ಕತ್ತಿನ ನರಗಳು ಉಬ್ಬಿದ್ದವು. ಇನ್ನೇನು ಸಿಡಿದ ಅಂದುಕೊಂಡೆವು.

"ನಿನಗೇನ್ ಕಾಣಸ್ತದವಾ?" ನನ್ನನ್ನು ಮೆಲ್ಲಗೆ ಕೇಳಿದ.

ನಾನು ತಡವರಿಸಿದೆ. ಅವನು ಕಾದ.

"ಆಕಿ ಕಂಬದ ಹತ್ರ ಬಂದಾಗೆಲ್ಲಾ ಬಲಕ್ಕ ಹೊಳ್ತಾಳ ಕಾಕಾ."

"ಹಂಗಾದ್ರ ಏನ್ ಮಾಡೂಣು?"

"ಕಂಬದ ಬಾಜೂಕ ನಾ ಕುಂದರ್ತೀನಿ."

"ಕುಂದರು!"

ಕೂತೆ. ಆಕೆ ಬಂದಳು, ಬಲಕ್ಕೇ ಹೊರಳಿದಳು. ಬೆನ್ನ ಹಿಂದಿನಿಂದ ನಮ್ಮವಳೊಬ್ಬಳು "ಖೊ!" ಎಂದದ್ದೇ ತಡ, ಜಿಗಿದು ಮುಟ್ಟಿಬಿಟ್ಟೆ! ಗೆದ್ದೆವು! ಕಾಕಾ ಅಷ್ಟು ಹೊತ್ತು ನುಂಗಿಕೊಂಡಿದ್ದ ಕೂಗನ್ನೆಲ್ಲ ಒಮ್ಮೆಲೇ ಬಿಟ್ಟ. ತೀರ್ಪು ಕೊಡುವ ಪಂಚರು ಸೀಟಿಯನ್ನೇ ಕೆಳಗೆ ಬೀಳಿಸಿದರು!

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವನು ಈ ಕಾಕಾನೇ. ಹತ್ತನೇ ಇಯತ್ತೆ ಮುಗಿಯುತ್ತಲೇ ನನ್ನ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಊರಿಗೆ ಮರಳುವಾಗ ಬಸ್ಸಿನಲ್ಲಿ ಕಾಕಾ, "ಮುಂದ ನಿನಗೇನ್ ಮಾಡಬೇಕನಸ್ತದ?" ಎಂದ.

ಹೇಳತೊಡಗಿದೆ. ಕಾಲೇಜು, ಧಾರವಾಡ, ಓದಿ ಮಾಸ್ತರಿಣಿಯಾಗುವ ಆಸೆ, ಎಲ್ಲ. ಬಮ್ಮಿಗಟ್ಟಿ ಬಂತು. ಕಂಡಕ್ಟರ್ ಇಳಿಯಲು ಕೂಗಿದ.

ಕಾಕಾ ಕೂತಲ್ಲಿಂದ ಏಳಲಿಲ್ಲ. "ಮುಂದಿನ ಊರಿಗೆ ಎರಡು ಟಿಕೀಟ್ ಕೊಡ್ರಿ," ಎಂದ. "ನಮ್ಮ ಹುಡುಗಿ ಮಾತು ಇನ್ನೂ ಮುಗಿದಿಲ್ಲ."