ಹತ್ತನೇ ಹಂತದ ಹಸಿರು ನೀರು

ಮನುಷ್ಯ ಎಷ್ಟನೇ ವಯಸ್ಸಿಗೆ ಆಟ ನಿಲ್ಲಿಸಬೇಕು ಎಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೂ ನನ್ನೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಅದು ಗೊತ್ತಿರುವಂತೆ ಕಾಣುತ್ತದೆ. ನಲವತ್ತಾರರ ಹೆಂಗಸು ಧಾರಾವಾಹಿ ನೋಡಿ ಮೂಗು ಒರೆಸಿಕೊಂಡರೆ ಸರಿ, ಸೀರೆಗೆ ಕುಚ್ಚು ಕಟ್ಟಿದರೆ ಸರಿ, ಭಜನಾ ಮಂಡಳಿಯಲ್ಲಿ ತಾಳ ತಪ್ಪಿಸಿದರೂ ಸರಿ. ಕಂಪ್ಯೂಟರ್ ಮುಂದೆ ಕೂತು, ಹಳೆಯ ಆಟವೊಂದನ್ನು ಮೊದಲ ಸಾಲಿನಿಂದ ನಾನೇ ಬರೆದು ಕಟ್ಟುತ್ತೇನೆ ಎಂದರೆ ಮಾತ್ರ ಮನೆಯವರ ಮುಖ ಒಂದು ಥರ ಆಗುತ್ತದೆ. ನಮ್ಮ ಯಜಮಾನರು ಸಾಧು ಸ್ವಭಾವದವರು. ಅವರೂ ಒಂದು ದಿನ ಚಹಾದ ಕಪ್ಪು ಹಿಡಿದು ಹಿಂದೆ ನಿಂತು, "ಶಾಂತಾ, ಯಾರಿಗರ ತೋರ್ಸಮೇನು?" ಎಂದರು. "ಮೊದಲ ಆಟ ಮುಗಸ್ತೇನ್ರಿ, ಆಮ್ಯಾಲ ಯಾರಿಗಿ ಬೇಕಾದರ ತೋರಸ್ರಿ" ಎಂದೆ. ಅವರು ತೋರಿಸಬೇಕೆಂದದ್ದು ನನ್ನನ್ನು, ನಾನು ಹೇಳಿದ್ದು ಆಟವನ್ನು. ಇಬ್ಬರೂ ಅದನ್ನು ಬಿಡಿಸಿ ಹೇಳಲು ಹೋಗಲಿಲ್ಲ.

ಆಟ ಅಂಥ ದೊಡ್ಡದೇನಲ್ಲ. ಪರದೆಯ ತುಂಬ ಚೌಕಗಳು, ಮೇಲೆ ಒಂದು ಮೂಲೆಯಲ್ಲಿ ನೀರಿನ ಟಾಕಿ, ಎದುರು ಮೂಲೆಯಲ್ಲಿ ಒಂದು ಮನೆ. ಪೈಪಿನ ತುಂಡುಗಳು ಒಂದಾದ ಮೇಲೊಂದು ಕೈಗೆ ಬರುತ್ತವೆ. ನೇರ ಬೇಕಾದಾಗ ಬಾಗಿದ್ದು, ಬಾಗಿದ್ದು ಬೇಕಾದಾಗ ನೇರ. ಸ್ವಲ್ಪ ಹೊತ್ತಿಗೆ ಟಾಕಿಯಿಂದ ನೀರು ಬಿಡುತ್ತಾರೆ. ಅಷ್ಟರೊಳಗೆ ಪೈಪು ಜೋಡಿಸಿ ನೀರನ್ನು ಮನೆಗೆ ಮುಟ್ಟಿಸಬೇಕು. ನಡುವೆ ಎಲ್ಲಾದರೂ ಜೋಡಣೆ ತಪ್ಪಿ ನೀರು ಚೆಲ್ಲಿದರೆ ಆಟ ಮುಗಿಯಿತು. ಒಂದು ಹಂತ ಗೆದ್ದರೆ ಇನ್ನಷ್ಟು ಕಷ್ಟದ ಮುಂದಿನ ಹಂತ.

ನಾನು ಇದನ್ನು ಆಡಿದ್ದು ಭಾಲ್ಕಿಯಲ್ಲಿ, ಕಾಲೇಜಿನ ದಿನಗಳಲ್ಲಿ. ಹಿಟ್ಟಿನ ಗಿರಣಿಯ ಮಾಳಿಗೆ ಮೇಲೆ ಒಂದು ಕಂಪ್ಯೂಟರ್ ಕ್ಲಾಸ್ ಇತ್ತು. ಹುಡುಗಿಯರಿಗೆಂದು ಒಂದೇ ಯಂತ್ರ, ಒಂದೇ ಬಣ್ಣದ ಪರದೆ. ಅಕ್ಷರವೂ ಹಸಿರು, ಪೈಪೂ ಹಸಿರು, ನೀರೂ ಹಸಿರು. ಕೆಳಗೆ ಗಿರಣಿ ಶುರುವಾದ ಕೂಡಲೇ ಕರೆಂಟು ಕುಗ್ಗಿ ಪರದೆ ನಾಲ್ಕೂ ಕಡೆಯಿಂದ ಸಣ್ಣದಾಗಿ ಗಡಗಡ ನಡುಗುತ್ತಿತ್ತು. ಆಗ ನೀರು ನಿಧಾನ ಹರಿಯುತ್ತದೆ ಎಂದು ನಮ್ಮ ದೃಢವಾದ ನಂಬಿಕೆ. ಕಷ್ಟದ ತಿರುವುಗಳನ್ನೆಲ್ಲ ಗಿರಣಿಗಾಗಿ ಕಾಯ್ದಿರಿಸುತ್ತಿದ್ದೆವು. ಹಾಗೆ ಕಾಯುವುದನ್ನು ನನಗೆ ಕಲಿಸಿದವಳು ಸುಶೀಲಾ. ಔರಾದ ಕಡೆಯ ಕುರಿ ಸಾಕುವವರ ಮಗಳು, ಓದಲೆಂದು ಭಾಲ್ಕಿಯ ಸೋದರಮಾವನ ಮನೆಯಲ್ಲಿದ್ದಳು. ಕೀಲಿ ಒತ್ತುವುದು ನಾನು, ಎಲ್ಲಿ ಏನು ಇಡಬೇಕೆಂದು ಹೇಳುವುದು ಅವಳು. ಕುರಿಯ ಹಿಂಡು ಯಾವ ಕಡೆ ತಿರುಗುತ್ತದೆ ಎಂದು ಮೊದಲೇ ತಿಳಿಯುವವಳಿಗೆ ನೀರು ಯಾವ ಲೆಕ್ಕ ಎಂದು ಅವಳೇ ಹೇಳುತ್ತಿದ್ದಳು.

ಆ ವರ್ಷ ಮಳೆ ಪೂರ್ತಿ ಕೈಕೊಟ್ಟಿತು. ಗಿರಣಿಗೆ ಜೋಳ ಬರುವುದು ಕಡಿಮೆಯಾಗಿ ಪರದೆ ನಡುಗುವುದೂ ಕಡಿಮೆಯಾಯಿತು. ನಾವು ಒಂಬತ್ತನೇ ಹಂತ ಗೆದ್ದ ದಿನ ಸುಶೀಲಾಳ ಅಣ್ಣ ಬಂದು ಬಾಗಿಲಲ್ಲಿ ನಿಂತಿದ್ದ. ಇಲ್ಲಿ ಹುಲ್ಲಿಲ್ಲ, ಹಿಂಡು ಹೊಡೆದುಕೊಂಡು ತೆಲಂಗಾಣದ ಕಡೆ ಹೋಗಬೇಕು, ಮನೆಮಂದಿಯೆಲ್ಲ ಹೊರಡುತ್ತಾರೆ ಎಂದ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ನನಗೆ ಹೇಳಿದ್ದು ಒಂದೇ ಮಾತು: "ನಾ ಬರೋತನಕ ಹತ್ತನೇದು ಮುಟ್ಟಬ್ಯಾಡ. ಇಬ್ಬರೂ ಕೂಡೇ ಆಡಮು." ನಾನು ತಲೆಯಾಡಿಸಿದೆ.

ಅವಳು ಬರಲಿಲ್ಲ. ಬೇಸಿಗೆಗೆ ಕ್ಲಾಸೂ ಮುಚ್ಚಿತು. ಎಷ್ಟೋ ವರ್ಷಗಳ ಮೇಲೆ ಬೀದರದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಎದುರಿಗೇ ಸಿಕ್ಕಳು. ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮನಾಗಿ ಔರಾದ ಹತ್ತಿರ ಕೆಲಸ ಮಾಡುತ್ತಿದ್ದಳು. ಮಕ್ಕಳೆಷ್ಟು, ಮನೆಯೆಲ್ಲಿ ಎಂದು ಏನೂ ಕೇಳದೆ, "ಹತ್ತನೇದು?" ಎಂದಳು. "ಕ್ಲಾಸೇ ಮುಚ್ಚಿತಲ್ಲ" ಎಂದೆ. ಆಗಲೇ ನಾನು ನಿಶ್ಚಯ ಮಾಡಿದ್ದು. ಆ ಆಟವನ್ನು ಇದ್ದ ಹಾಗೇ ಮತ್ತೆ ಕಟ್ಟಿ ಇವಳನ್ನು ಹತ್ತನೇ ಹಂತದ ಮುಂದೆ ಕೂರಿಸದಿದ್ದರೆ ನಾನು ಕಲಿತ ವಿದ್ಯೆಗೆ ಬೆಂಕಿ ಬೀಳಲಿ. ಇಂಥ ಆಟಗಳು ಈಗ ಫೋನಿನಲ್ಲೇ ಸಿಗುತ್ತವಲ್ಲ ಎಂದು ಯಜಮಾನರು ತೋರಿಸಿದರು. ಸಿಗುತ್ತವೆ. ಬಣ್ಣಬಣ್ಣದವು, ಸಂಗೀತದವು. ಅವುಗಳಲ್ಲಿ ಗಿರಣಿ ಇಲ್ಲ.

ಕಟ್ಟಲು ಕೂತದ್ದು ಮಾತ್ರ ಮತ್ತೆ ಮಳೆ ಕೈಕೊಟ್ಟ ಈ ಎರಡನೇ ಬರದಲ್ಲಿ. ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಬೀದರದಿಂದ ದಿನಾ ಬಸ್ಸು. ಬಸ್ಸಿನಲ್ಲಿ ಚೌಕದ ಹಾಳೆಯ ಮೇಲೆ ಹಂತಗಳ ನಕ್ಷೆ ಬರೆಯುತ್ತಿದ್ದೆ. ಹಲಬರ್ಗಾದಲ್ಲಿ ಹತ್ತುವ ಹಳದಿ ರುಮಾಲಿನ ಮುದುಕರೊಬ್ಬರು ಮೂರು ದಿನ ಬಗ್ಗಿ ಬಗ್ಗಿ ನೋಡಿ ನಾಲ್ಕನೇ ದಿನ ಕೇಳಿಯೇ ಬಿಟ್ಟರು. "ಮೇಡಂ, ಈ ಲೈನ್ ನಮ್ಮ ಓಣಿಗಿ ಯಾವಾಗ ಬರ್ತದರಿ?" ನಾನು ನೀರಿನ ಇಲಾಖೆಯವಳಲ್ಲ ಎಂದು ಹೇಳಬೇಕಾಗಿತ್ತು. ಆದರೆ ಅಷ್ಟರಲ್ಲಿ ಕಿಟಕಿ ಪಕ್ಕದ ಹೆಂಗಸು ಎದ್ದು, "ಕೂಡ್ರಿ ಮೇಡಂ, ಹಗುರಕ ಬರೀರಿ" ಎಂದು ಜಾಗ ಬಿಟ್ಟಿದ್ದಳು. "ಇನ್ನೂ ಕಾಗದದ ಮ್ಯಾಲೇ ಅದರಿ" ಎಂದೆ. ಅದು ಸತ್ಯವೇ. ಆಮೇಲೆ ತಿಂಗಳುಗಟ್ಟಲೆ ಆ ಬಸ್ಸಿನಲ್ಲಿ ನಾನು ನಿಂತು ಪ್ರಯಾಣ ಮಾಡಲಿಲ್ಲ. ನಾಚಿಕೆಯಾಗುತ್ತಿತ್ತು, ಆದರೆ ಕೂತುಕೊಂಡೇ ನಾಚಿಕೆಪಡುತ್ತಿದ್ದೆ.

ಮನೆಯಲ್ಲಿ ಆಟವನ್ನು ಪರೀಕ್ಷೆ ಮಾಡಿದವರು ನಮ್ಮ ಅತ್ತೆ. ಅವರನ್ನು ನಾನು ಕರೆದದ್ದಲ್ಲ. ನಳಕ್ಕೆ ನೀರು ಯಾವ ಹೊತ್ತಿಗೆ ಬರುತ್ತದೋ ಎಂದು ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಅವರು ದಿನವೆಲ್ಲ ನಡುಮನೆಯಲ್ಲಿ ಕಾಯುತ್ತಿದ್ದರು. ನನ್ನ ಕಂಪ್ಯೂಟರೂ ಅಲ್ಲೇ. ಮೊದಲ ದಿನ ನಾನು ಮೇಲು ಕೆಳಗುಗಳ ಲೆಕ್ಕ ಅದಲುಬದಲು ಬರೆದಿದ್ದೆ. "ಏನವ್ವಾ, ನಿನ್ನ ನೀರು ಮ್ಯಾಲ ಹತ್ಲಕತ್ತದಲ್ಲ" ಎಂದು ತಪ್ಪು ಹಿಡಿದವರು ಅವರೇ. ಎರಡನೇ ದಿನ, "ಹಸರ ನೀರು ಯಾರು ಕುಡೀತಾರ? ಪಾಚಿ ಕಟ್ಟ್ಯದ, ಟಾಕಿ ತೊಳಸು" ಎಂದರು. ಮೂರನೇ ದಿನ ನನ್ನನ್ನು ಸರಿಸಿ ತಾವೇ ಕೂತರು.

ಅಲ್ಲಿಂದ ಜಗಳ ಶುರುವಾಯಿತು. ಅತ್ತೆ ಪೈಪುಗಳನ್ನು ಚೆನ್ನಾಗಿ ಜೋಡಿಸುತ್ತ ಬರುತ್ತಾರೆ. ಮನೆಗೆ ಎರಡು ಚೌಕ ಇರುವಾಗ ಬೇಕೆಂದೇ ನಿಲ್ಲಿಸುತ್ತಾರೆ. ನೀರು ಚೆಲ್ಲಿ ಆಟ ಮುಗಿಯುತ್ತದೆ. ಮತ್ತೆ ಆಡುತ್ತಾರೆ, ಮತ್ತೆ ಅದೇ ಜಾಗದಲ್ಲಿ ನಿಲ್ಲಿಸುತ್ತಾರೆ. "ಯಾಕ ಮುಗೀತು? ನೀರು ಬರ್ಲಕತ್ತದಲ್ಲ!" ಎಂದು ನನ್ನ ಮೇಲೆ ರೇಗಿದರು. ಚೆಲ್ಲಿದರೆ ಸೋಲು ಎಂದು ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ನಮ್ಮ ಓಣಿಯ ತಿರುವಿನಲ್ಲಿ ಪೈಪಿನ ಜೋಡಣೆ ಒಂದು ಕಡೆ ಸೋರುತ್ತದೆ. ನಳ ಬಾರದ ದಿನ ಇಡೀ ಓಣಿ ಕೊಡ ಹಿಡಿಯುವುದು ಅಲ್ಲೇ. ಯಾರ ಸರದಿ ಯಾವಾಗ ಎಂಬುದೆಲ್ಲ ಅಲ್ಲಿ ನಿಷ್ಕರ್ಷೆಯಾಗಿದೆ. "ಸೋರ್ತದಂತೇ ಜೀವಂತ ಇದ್ದೇವಿ. ಚಲ್ಲಿದ್ದು ಖಾಲಿ ಹೋಗ್ತದೇನು? ಅಲ್ಲಿ ಒಂದು ಕೊಡ ಇಡು" ಎಂದರು ಅತ್ತೆ. ನಾನು ಹಟ ಹಿಡಿದೆ. ಹಳೆಯದು ಹಳೆಯದರ ಹಾಗೇ ಇರಬೇಕು, ನನ್ನದೆಂದು ಒಂದು ಚೌಕವನ್ನೂ ಸೇರಿಸುವುದಿಲ್ಲ, ನೀರು ಹಸಿರೇ, ಚೆಲ್ಲಿದರೆ ಸೋಲೇ. ಅತ್ತೆ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಯಜಮಾನರು ಮಧ್ಯಸ್ಥಿಕೆಗೆ ಬಂದು, ಒಂದು ಕೊಡ ಇಟ್ಟರೆ ನಿನ್ನ ಗಂಟೇನು ಹೋಗುತ್ತದೆ ಎಂದರು. ನಾನು ಜಗ್ಗಲಿಲ್ಲ.

ಕೊನೆಗೊಂದು ಶನಿವಾರ ಸುಶೀಲಾ ತರಬೇತಿಗೆಂದು ಬೀದರಕ್ಕೆ ಬಂದವಳು, ಆಟ ಸಿದ್ಧವಾಯಿತೆಂದು ನಾನು ಫೋನ್ ಮಾಡಿದ್ದರಿಂದ, ಊಟದ ಹೊತ್ತಿಗೆ ನಮ್ಮಲ್ಲಿಗೆ ಬಂದಳು. ಊಟ ಆಮೇಲೆ ಎಂದು ನೇರ ಕಂಪ್ಯೂಟರ್ ಮುಂದೆ ಕೂತಳು. ಅತ್ತೆ ತಮ್ಮ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ಮೊದಲ ಹಂತದ ನಡುವೆ ಪರದೆ ಸಣ್ಣದಾಗಿ ನಡುಗಿತು. ಆ ನಡುಕವನ್ನು ಬರೆಯಲು ನನಗೆ ಎರಡು ವಾರ ಹಿಡಿದಿತ್ತು. ಸುಶೀಲಾ, "ಯಾರೋ ಜ್ವಾಳ ಹಾಕಿದರು ನೋಡು" ಎಂದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ನಾನು ಎಷ್ಟು ಉಬ್ಬಿದೆನೆಂದರೆ ಆ ಹೊತ್ತಿಗೆ ಯಾರಾದರೂ ನನ್ನನ್ನು ತಡೆಯಬೇಕಾಗಿತ್ತು.

ಒಂಬತ್ತೂ ಹಂತ ಸರಾಗ ದಾಟಿದಳು. ಹತ್ತನೆಯದು ಶುರುವಾಯಿತು. ಮೇಲಿನ ಮೂಲೆಯಲ್ಲಿ ಟಾಕಿ ಇಲ್ಲ. ಅದು ಕೆಳಗೆ, ಬಲಮೂಲೆಯಲ್ಲಿದೆ. ನೀರು ಅಲ್ಲಿಂದ ಮೇಲಕ್ಕೆ ಏರತೊಡಗಿತು.

"ಮತ್ತ ತಪ್ಪು ಮಾಡ್ಯಾಳ" ಎಂದರು ಅತ್ತೆ ಸಂತೋಷದಿಂದ.

ನನಗೆ ರೇಗಿತು. "ತಪ್ಪಲ್ಲರಿ. ಅಲ್ಲಿ ಇದ್ದದ್ದೇ ಹಿಂಗ. ಬರಾಬ್ಬರಿ ಹಂಗೇ ಇಟ್ಟೇನಿ" ಎಂದೆ.

ಹೇಳಿ ಮುಗಿಸಿದ ಮೇಲೆ ನಾನು ಹೇಳಿದ್ದು ಏನೆಂದು ನನಗೆ ತಿಳಿಯಿತು. ಸುಶೀಲಾ ಕೀಲಿಗಳ ಮೇಲಿಂದ ಕೈ ತೆಗೆದು ಕುರ್ಚಿ ಸಮೇತ ನನ್ನ ಕಡೆ ತಿರುಗಿದಳು.

"ಅಲ್ಲಿ ಹಿಂಗ ಇತ್ತಂತ ನಿನಗ ಹ್ಯಾಂಗ ಗೊತ್ತು?"

ಅವಳ ಹಿಂದೆ ಚೌಕದಿಂದ ಚೌಕಕ್ಕೆ ಹಸಿರು ನೀರು ಏರುತ್ತಿತ್ತು.

"ಯಾವಾಗ ಆಡಿದಿ?"

"ನೀ ಹೋದ ಮ್ಯಾಲ."

"ಹೋದ ಮ್ಯಾಲ ಅಂದ್ರ? ತಿಂಗಳು ಬಿಟ್ಟೇನು?"

"ಮರುದಿನ" ಎಂದೆ. ತರಗತಿಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದ ಮಕ್ಕಳು ನನ್ನ ಮುಂದೆ ಯಾವ ದನಿಯಲ್ಲಿ ಮಾತಾಡುತ್ತಾರೋ ಅದೇ ದನಿ ಬಂತು. "ಸಿಟ್ಟು ಬಂದಿತ್ತಲೇ. ನನಗ ಬಿಟ್ಟು ಹೋದಿ ಅಂತ."

"ನಾ ಏನು ಜಾತ್ರಿಗಿ ಹೋಗಿದ್ದೆನೇನು? ಕುರಿ ಬೆನ್ನ ಹತ್ತಿ ಮೈಲುಗಟ್ಟಲೆ ನಡದೇನಿ. ಕುರಿ ಕುಂತಲ್ಲಿ ಕುಂತು ಮಣ್ಣಾಗ ಕಟಗಿಲೆ ಚೌಕ ಹಾಕಿ, ಹತ್ತನೇದು ಹ್ಯಾಂಗ ಇದ್ದೀತು, ಹ್ಯಾಂಗ ಆಡಬೇಕು ಅಂತ ವಿಚಾರ ಮಾಡ್ತಿದ್ದೆ. ಇಬ್ಬರ ಸಲುವಾಗಿ." ಕುರ್ಚಿಯನ್ನು ಇನ್ನಷ್ಟು ನನ್ನ ಕಡೆ ಎಳೆದುಕೊಂಡಳು. "ಗೆದ್ದಿಯೇನು?"

"ಇಲ್ಲ. ಒಂದು ನಿಮಿಷ ಸುದ್ದಾ ನಿಲ್ಲಲಿಲ್ಲ."

ಆಗ ಅವಳು ನಕ್ಕಳು. ಬರೀ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಛಲೋ ಆಯ್ತು. ಭಾಳ ಛಲೋ ಆಯ್ತು" ಎಂದಳು. ನನಗೆ ಅಳುವೂ ಬಂದು ನಗುವೂ ಬಂದು ಎರಡನ್ನೂ ಸರಿಯಾಗಿ ಮಾಡಲಾಗಲಿಲ್ಲ. ಅತ್ತೆ ಮಾತ್ರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ನಿಮ್ಮ ಮಾತು ಆಮ್ಯಾಲ ಆಡ್ರಿ, ಇಲ್ಲಿ ನೀರು ಚಲ್ಲಿ ಹೊಂಟದ" ಎಂದು ಕೂಗಿದರು. ಚೆಲ್ಲಿತು, ಆಟ ಮುಗಿಯಿತು. ಮತ್ತೆ ಶುರು ಮಾಡಿದೆವು. ಈ ಸಲ ಕೀಲಿ ಒತ್ತಿದ್ದು ನಾನು, ಹೇಳಿದ್ದು ಅವಳು. ಮೂರನೇ ಸಲಕ್ಕೆ ನೀರು ಮನೆ ಮುಟ್ಟಿತು. ಮೂವರೂ ಒಟ್ಟಿಗೆ ಎದ್ದು ನಿಂತೆವು. ಅಡುಗೆ ಮನೆಯಿಂದ ಓಡಿಬಂದ ಯಜಮಾನರು ನಳ ಬಂತೆಂದು ತಿಳಿದು ಎರಡು ಕೊಡ ಹಿಡಿದಿದ್ದರು.

ಹೊರಡುವಾಗ ಸುಶೀಲಾ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹನ್ನೊಂದನೇದು ನೀನೇ ಮಾಡು. ಅತ್ತಿ ಹೇಳಿದಂಗ ಕೊಡ ಇಡು. ನಾ ಬರೋತನಕ ಮುಟ್ಟಬ್ಯಾಡ" ಎಂದಳು. ಮಾತು ಕೊಟ್ಟೆ. ಹಳೆಯದರ ಶುದ್ಧತೆಯ ಬಗ್ಗೆ ಭಾಷಣ ಬಿಗಿಯಲು ನನ್ನಲ್ಲಿ ಇನ್ನು ಮುಖ ಉಳಿದಿರಲಿಲ್ಲ. ಹನ್ನೊಂದನೇ ಹಂತ ಈಗ ಸಿದ್ಧವಾಗಿದೆ. ಅದರಲ್ಲಿ ಪೈಪು ಸೋರಿದರೆ ಸೋಲಿಲ್ಲ, ಸೋರುವಲ್ಲಿ ಕೊಡಗಳ ಸಾಲು ಬರುತ್ತದೆ, ಎಷ್ಟು ತುಂಬಿದರೆ ಅಷ್ಟು ಗೆಲುವು. ಸರದಿ ತಪ್ಪಿಸಿದವರ ಕೊಡ ಹಿಂದಕ್ಕೆ ಹೋಗಬೇಕೆಂದು ಅತ್ತೆ ಹೇಳಿದರು, ಅದನ್ನೂ ಬರೆದೆ.

ಸುಶೀಲಾ ಬರುವುದು ಮುಂದಿನ ತಿಂಗಳ ತರಬೇತಿಗೆ. ಆದರೆ ಬರೆದ ಪ್ರೋಗ್ರಾಮನ್ನು ನಡೆಸಿ ನೋಡದೆ ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ, ಬಲ್ಲವರನ್ನು ಯಾರನ್ನು ಬೇಕಾದರೂ ಕೇಳಿ. ಅದಕ್ಕೇ ನಿನ್ನೆ ಮಧ್ಯಾಹ್ನ ಒಂದು ಸಲ ನಡೆಸಿ ನೋಡಿದೆ. ಆಡಲಿಲ್ಲ, ನಡೆಸಿ ನೋಡಿದೆ ಅಷ್ಟೆ. ಏಳು ಕೊಡ ತುಂಬಿದವು.